ಉದ್ಯೋಗೀ ಹಿಂಸೆಯ ಎಲ್ಲೆ

ಗೃಹಸ್ಥನಾದ ಶ್ರಾವಕನಿಗೆ ಸಂಕಲ್ಪೀ ಹಿಂಸೆ ಸರ್ವಥಾ ನಿಷಿದ್ಧ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಅನಿವಾರ್ಯವಾದಷ್ಟು ಮಟ್ಟಿಗೆ ಕ್ಷಮ್ಯ. ಕೃಷಿಯಾಗಲಿ ವಾಣಿಜ್ಯವಾಗಲಿ ಜೀವಬಾಧೆಯಿಲ್ಲದೆ ನಡೆಯದಷ್ಟೆ. ಆದರೆ ಈ ರಿಯಾಯಿತಿಯ ಪ್ರಾಣವೆಲ್ಲ ‘ಅನಿವಾರ್ಯ’ ಎಂಬ ಒಂದೇ ಪದದಲ್ಲಿದೆ. ಆ ಪದವನ್ನು ನಮ್ಮ ಉದ್ಯಮಿಗಳು ಬಹು ಧಾರಾಳವಾಗಿ ಬಳಸುತ್ತಾರೆ.

ಮುದನಾಳದಂತಹ ಹಳ್ಳಿಗಳ ಯಾದಗಿರಿ ಜಿಲ್ಲೆ ತೊಗರಿ, ಹತ್ತಿಗಳ ಸೀಮೆ. ಇಂದು ಅದೇ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಔಷಧ, ರಾಸಾಯನಿಕ ಕಾರ್ಖಾನೆಗಳು ನಿಂತಿವೆ. ಆದಕಾರಣ ಈ ಪ್ರಶ್ನೆ ನಮ್ಮ ಮನೆಬಾಗಿಲಿನದೇ ಆಗಿದೆ.

ಔಷಧ ತಯಾರಿಕೆಗೆ ದ್ರಾವಕಗಳು ಬೇಕು. ಅವುಗಳಲ್ಲೊಂದಾದ ಬೆಂಜೀನ್ ಮೂಳೆಯ ಮಜ್ಜೆಯನ್ನು ಕೆಡಿಸಿ ರಕ್ತದ ಕ್ಯಾನ್ಸರ್ ತರುವಂಥದು. ಕಡಿಮೆ ಹಾನಿಯ ಬದಲಿ ವಸ್ತು ದೊರೆಯುವಲ್ಲಿ ಅದನ್ನೇ ಬಳಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1971ರಲ್ಲಿ ಒಪ್ಪಂದ ಮಾಡಿತು. ಭಾರತ 1991ರಲ್ಲಿ ಅದನ್ನು ಅಂಗೀಕರಿಸಿತು. 1997ರ ಅಂತರರಾಷ್ಟ್ರೀಯ ಔಷಧ ಮಾರ್ಗಸೂಚಿಯಾದರೋ ಔಷಧದಲ್ಲಿ ಉಳಿಯಬಹುದಾದ ಬೆಂಜೀನನ್ನು ದಶಲಕ್ಷಕ್ಕೆ 2 ಭಾಗಕ್ಕೆ ಮಿತಗೊಳಿಸಿತು. ಟಾಲುವಿನ್‌ಗೆ 890 ಭಾಗ. ಇಲ್ಲೊಂದು ಸೂಕ್ಷ್ಮವಿದೆ. ಈ ಎರಡನೆಯ ನಿಯಮ ಹುಟ್ಟಿದ್ದು ಮಾತ್ರೆ ನುಂಗುವವನಿಗಾಗಿ, ಪೀಪಾಯಿ ಬಗ್ಗಿಸುವವನಿಗಾಗಿ ಅಲ್ಲ. ಟಾಲುವಿನ್ ಕೂಡ ನಿರ್ದೋಷಿಯಲ್ಲ. ಉಸಿರಿನಲ್ಲಿ ಸೇರಿದರೆ ನರಮಂಡಲವನ್ನು ಬಾಧಿಸುತ್ತದೆ. ಬದಲಿಸಿದ ಮೇಲೂ ಮುಚ್ಚಳ ಬೇಕು, ಆವಿ ಹೀರುವ ಯಂತ್ರ ಬೇಕು.

ಬೆಂಕಿಕಡ್ಡಿಯ ಚರಿತ್ರೆ ಇನ್ನೂ ಕಟುವಾದುದು. ಬಿಳಿ ರಂಜಕದ ಆವಿಯಿಂದ ಕಾರ್ಮಿಕರ ದವಡೆಯ ಮೂಳೆ ಕೊಳೆಯುತ್ತಿತ್ತು. ಎಲ್ಲಿ ಗೀರಿದರೂ ಹೊತ್ತುವ ಕಡ್ಡಿಗೆ ನಿರಪಾಯಕರ ಬದಲಿ 1898ರಲ್ಲೇ ಫ್ರಾನ್ಸಿನಲ್ಲಿ ಸಿದ್ಧವಾಯಿತು. ಬರ್ನ್ ಒಪ್ಪಂದವಾದದ್ದು 1906ರಲ್ಲಿ, ಭಾರತದ ನಿಷೇಧ ಶಾಸನ 1913ರಲ್ಲಿ. ನಡುವಣ ಆ 15 ವರ್ಷ ಹಳೆಯ ರಂಜಕವನ್ನೇ ಬಳಸಿದವನ ಹಿಂಸೆಗೆ ಏನೆಂದು ಹೆಸರಿಡೋಣ? ಉದ್ಯೋಗೀ ಎಂದರೆ ನನ್ನ ಮನಸ್ಸು ಒಪ್ಪದು. ಉಮಾಸ್ವಾಮಿಗಳು ಹಿಂಸೆಯನ್ನು ಪ್ರಮಾದದೊಡನೆ ಬಂಧಿಸಿ ಹೇಳಿದ್ದಾರೆ. ಬದಲಿ ಇದೆಯೆಂದು ತಿಳಿದೂ ಬೆಲೆಯ ಲೆಕ್ಕ ನೋಡಿ ಸುಮ್ಮನಿರುವುದು ಪ್ರಮಾದವನ್ನೂ ಮೀರಿ ಸಂಕಲ್ಪದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ.

ತಪಾಸಣಾಧಿಕಾರಿಗೆ ಹೆದರಿ ಮಾಡಿದ ಬದಲಾವಣೆಯಲ್ಲಿ ಪುಣ್ಯವೆಲ್ಲಿ ಎಂದು ಕೇಳುವವರಿದ್ದಾರೆ. ಕಾರ್ಮಿಕನ ಮಜ್ಜೆ ಮಾಲೀಕನ ಭಾವವನ್ನು ವಿಚಾರಿಸುವುದಿಲ್ಲ; ಮೊದಲು ಅದು ಉಳಿಯಲಿ. ಭಾವದ ಲೆಕ್ಕ ಮಾಲೀಕನ ಕರ್ಮಕ್ಕೆ ಸೇರಿದ್ದು.

ಬಸದಿಯ ಜೀರ್ಣೋದ್ಧಾರಕ್ಕೋ ಪಂಚಕಲ್ಯಾಣಕ್ಕೋ ಉದ್ಯಮಿಯೊಬ್ಬರು ದಾನ ಘೋಷಿಸಿದಾಗ ಟ್ರಸ್ಟಿನವರು ಮೊತ್ತ ಬರೆದುಕೊಳ್ಳುತ್ತಾರೆ. ಜೊತೆಗೆ, ತಮ್ಮ ಕಾರ್ಖಾನೆಯ ಪೀಪಾಯಿಗಳಲ್ಲಿ ಏನಿದೆ, ಅದಕ್ಕೆ ಬದಲಿ ಹುಡುಕಿದ್ದೀರಾ ಎಂದೂ ವಿನಯದಿಂದ ಕೇಳಬಹುದಲ್ಲವೆ? ದಾನಿಗಳು ಮುನಿಸಿಕೊಂಡಾರೆಂಬ ಅಳುಕು ನನಗೂ ಇದೆ.