ಲಜ್ಜೆ ಯಾರದು?

12ನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯ ವಚನವೊಂದೇ ಇಂದಿಗೆ ಉಳಿದಿದೆ. ಅದರ ಅಂಕಿತ ‘ನಿರ್ಲಜ್ಜೇಶ್ವರ’. ಲೋಕವು ಆಕೆಯ ತಲೆಗೆ ಹೊರಿಸಿದ್ದ ಲಜ್ಜೆಯನ್ನು ಇಳಿಸಿ, ಶರಣಸಂಕುಲವು ಆಕೆಯನ್ನು ತನ್ನವಳೆಂದು ಒಪ್ಪಿಕೊಂಡಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯು ಈ ಪಾಠವನ್ನು ಮರೆಯಲಾಗದು. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಎಳೆಯ ಬಾಲೆಯರಿಗೆ ಮುತ್ತು ಕಟ್ಟಿ, ಅವರ ದೇಹವನ್ನು ಪರರ ಕಾಮಕ್ಕೆ ಒಪ್ಪಿಸಿದ ಸೀಮೆಯಿದು. ಅವರಲ್ಲಿ ಬಹುಮಂದಿ ದಲಿತರ ಮನೆಯ ಮಕ್ಕಳು. ಬಾಲೆಗೆ ಒಪ್ಪಿಗೆಯೆಲ್ಲಿಯದು? ಅದು ಭಕ್ತಿಯಲ್ಲ, ಬಲಾತ್ಕಾರ. ಒಪ್ಪಿಗೆಯಿದ್ದರೂ ಸಮರ್ಪಣೆಯು ಅಪರಾಧವೆಂದು ಕರ್ನಾಟಕದ 1982ರ ಕಾಯಿದೆ ಸಾರಿತು. ಹೆತ್ತವರೇ ಮಾಡಿಸಿದರೆ ಹೆಚ್ಚಿನ ಶಿಕ್ಷೆ ವಿಧಿಸಿತು. ಅಥಣಿಯ ವಿಮೋಚನಾ ಸಂಘವು ದೇವದಾಸಿಯರ ಮಕ್ಕಳಿಗೆ ವಸತಿಶಾಲೆ ತೆರೆದು ಅಕ್ಷರದ ದಾರಿ ತೋರಿತು.

ಗೃಹಸ್ಥನ ಕರ್ತವ್ಯವೇನು? ಮುತ್ತು ಕಟ್ಟುವ ಸುಳಿವು ಸಿಕ್ಕೊಡನೆ 1098ಕ್ಕೆ ತಿಳಿಸುವುದು. ನೊಂದವಳು ಹೇಳಿಕೊಂಡಾಗ ಶಂಕಿಸದೆ ಕೇಳುವುದು. ವೈದ್ಯರ ಬಳಿಗೂ ಠಾಣೆಗೂ ಜೊತೆಯಾಗಿ ಹೋಗುವುದು. ಮನೆತನದ ಮಾನವೆಂದು ಆಕೆಯ ಬಾಯಿ ಮುಚ್ಚಿಸದಿರುವುದು. ಕಾಯಕದಲ್ಲಿ ಸ್ಥಾನ, ದಾಸೋಹದ ಪಂಕ್ತಿಯಲ್ಲಿ ಸಮಾನ ಎಡೆ ಕೊಡುವುದು. ಹೆಣ್ಣಿನ ದೇಹ ಹೆಣ್ಣಿನದೇ ಎಂಬುದನ್ನು ಮಗನಿಗೆ ಎಳವೆಯಲ್ಲಿಯೇ ಕಲಿಸುವುದು.

ಲಜ್ಜೆಯು ಹಿಂಸಿಸಿದವನದು, ನೊಂದವಳದಲ್ಲ. ಇದನ್ನು ನಡೆಯಲ್ಲಿ ತೋರದವನ ಲಿಂಗಪೂಜೆ ಬರಿಯ ನೀರೆರೆಯುವ ಕೆಲಸ.