ಕಣ್ಣಿನ ನ್ಯಾಯ, ಕೈಯ ನ್ಯಾಯ

ಅನ್ಯರನ್ನು ಯಥಾರ್ಥವಾಗಿ ಕಾಣಬಲ್ಲವನು ಅವರೊಡನೆ ನ್ಯಾಯವಾಗಿಯೇ ನಡೆದುಕೊಳ್ಳುವನೆಂದು ಹೇಳಬಹುದೇ? ಸ್ಪೇನ್ ದೇಶದ ಆಸ್ಥಾನ ಚಿತ್ರಕಾರ ದಿಯೆಗೊ ವೆಲಾಸ್ಕೆಸ್‌ನ (1599–1660) ಬಾಳು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಸೆವಿಲ್ಯ ನಗರದಲ್ಲಿ ಹುಟ್ಟಿದ ಈತನು 1623ರಲ್ಲಿ ನಾಲ್ಕನೆಯ ಫಿಲಿಪ್ ದೊರೆಯ ಆಸ್ಥಾನವನ್ನು ಸೇರಿದನು. ಆಸ್ಥಾನ ಚಿತ್ರಕಾರನ ಅನ್ನವು ಅರಸನ ಪ್ರಸನ್ನತೆಯನ್ನು ಅವಲಂಬಿಸಿರುತ್ತದೆ. ಆದುದರಿಂದ ಮುಖಸ್ತುತಿಯೇ ಆ ವೃತ್ತಿಗೆ ಅಂಟಿದ ದೋಷ. ಆದರೆ ಈತನು ಬರೆದ ಚಿತ್ರಗಳಲ್ಲಿ ದೊರೆಯ ನೀಳವಾದ ದವಡೆ ಮರೆಯಾಗಲಿಲ್ಲ. ವಯಸ್ಸಾದಂತೆ ಮುಖವನ್ನು ಕವಿದ ದಣಿವೂ ಮರೆಯಾಗಲಿಲ್ಲ. ಅರಮನೆಯವರು ವಿನೋದಕ್ಕಾಗಿ ಇರಿಸಿಕೊಂಡಿದ್ದ ಕುಬ್ಜರನ್ನೂ ಈತನು ಚಿತ್ರಿಸಿದನು. ನೆಲದ ಮೇಲೆ ಕುಳಿತು, ಮುಷ್ಟಿ ಬಿಗಿದು, ನೋಡುವವರನ್ನು ನೇರವಾಗಿ ದಿಟ್ಟಿಸುವ ಸೆಬಾಸ್ಟಿಯನ್ ದೆ ಮೊರ್ರಾನನ್ನು ಕಂಡು ಯಾರಿಗೂ ನಗು ಬಾರದು. ಅರಸನಿಗೂ ಕುಬ್ಜನಿಗೂ ಆ ಕುಂಚವು ಒಂದೇ ತಕ್ಕಡಿಯನ್ನು ಹಿಡಿಯಿತು.

1650ರಲ್ಲಿ ರೋಮ್ ನಗರದಲ್ಲಿ ಈತನು ಪೋಪ್ ಹತ್ತನೆಯ ಇನ್ನೊಸೆಂಟರನ್ನು ಚಿತ್ರಿಸಿದನು. ಅದೇ ವರ್ಷ ತನ್ನ ಸಹಾಯಕ ಹುವಾನ್ ದೆ ಪರೇಹನನ್ನೂ ಚಿತ್ರಿಸಿ, ಮಾರ್ಚ್ ತಿಂಗಳಲ್ಲಿ ಪ್ಯಾಂಥಿಯನ್‌ನಲ್ಲಿ ಪ್ರದರ್ಶಿಸಿದನು. ಕಸೂತಿಯ ಕೊರಳಪಟ್ಟಿ ಧರಿಸಿ ತಲೆಯೆತ್ತಿ ನಿಂತ ಆ ಗಂಭೀರ ಪುರುಷನು ಚಿತ್ರಕಾರನ ಗುಲಾಮನಾಗಿದ್ದನು! ನವೆಂಬರ್ 23ರಂದು ಬಿಡುಗಡೆಯ ಪತ್ರವೇನೋ ಸಿದ್ಧವಾಯಿತು. ಆದರೆ ಇನ್ನೂ ನಾಲ್ಕು ವರ್ಷ ಸೇವೆ ಸಲ್ಲಿಸಿದ ಮೇಲೆಯೇ ಬಿಡುಗಡೆ ಎಂಬ ಷರತ್ತು ಅದರಲ್ಲಿತ್ತು.

ಗುಲಾಮಗಿರಿಯು ಅಂದಿನ ಕಾಲಧರ್ಮವಾಗಿತ್ತೆಂದು ಕೆಲವರು ಸಮಾಧಾನ ಹೇಳಬಹುದು. ಕಾಣದವನಿಗೆ ಆ ಮಾತು ಒಂದಿಷ್ಟು ಆಸರೆಯಾದೀತು; ಕಂಡವನಿಗೆ ಆಗದು. ಪರೇಹನ ಘನತೆಯನ್ನು ರೋಮ್ ನಗರಕ್ಕೆಲ್ಲ ತೋರಿಸಿದವನು ತಾನು ಅದನ್ನು ಅರಿಯೆನೆಂದು ಹೇಳುವಂತಿರಲಿಲ್ಲ. ಋಣವನ್ನು ಒಪ್ಪಿಕೊಂಡ ಸಾಲಗಾರನು ತೀರಿಸುವ ವಾಯಿದೆಯನ್ನು ತಾನೇ ಬರೆದುಕೊಂಡಂತಾಯಿತು. ಬಿಡುಗಡೆ ಪತ್ರವು ಪುಣ್ಯಕಾರ್ಯವೇ ಸರಿ. ಆದರೆ ಆ ನಾಲ್ಕು ವರ್ಷಗಳು ಯಾರ ಸ್ವತ್ತು ಎಂಬ ಪ್ರಶ್ನೆ ಉಳಿಯುತ್ತದೆ.

ಆಳುಕಾಳುಗಳ ಕಷ್ಟವನ್ನು ಕಂಡು ಮರುಗುವುದು ಸಜ್ಜನರ ಸ್ವಭಾವ. ಮರುಕವುಂಟಾದೊಡನೆ ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಅವರ ದೌರ್ಬಲ್ಯ. ವಾಸ್ತವವಾಗಿ, ಕಂಡ ದಿನವೇ ಋಣವು ಆರಂಭವಾಗುತ್ತದೆ.

ಪರೇಹನು ಮುಂದೆ ಸ್ವತಂತ್ರ ಚಿತ್ರಕಾರನಾದನು. 1661ರಲ್ಲಿ ಆತನು ರಚಿಸಿದ ‘ಸಂತ ಮತ್ತಾಯನ ಕರೆ’ ಎಂಬ ಚಿತ್ರವು ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿದೆ. ಅದರ ಎಡ ಅಂಚಿನಲ್ಲಿ ಆತನು ತನ್ನನ್ನೇ ಚಿತ್ರಿಸಿಕೊಂಡಿದ್ದಾನೆ. ಕೈಯಲ್ಲಿ ಹಿಡಿದ ಕಾಗದದ ಮೇಲೆ ಇರುವುದು ಆತನದೇ ಹೆಸರು.