ಇರುಳ ರೈಲು ಮತ್ತು ವ್ರತಿಯ ಗಂಟು



ವ್ರತನಿಯಮಗಳನ್ನು ಮನೆಯಲ್ಲಿ ಪಾಲಿಸುವುದು ಸುಲಭ, ಪ್ರಯಾಣದಲ್ಲಿ ಕಷ್ಟ ಎಂದು ಶ್ರಾವಕ ಶ್ರಾವಿಕೆಯರು ಹೇಳುವುದುಂಟು. ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನ ಒಲೆ ಆರುತ್ತದೆ. ನೀರು ಶೋಧಿಸುವ ಬಟ್ಟೆ ಕೈಗೆಟುಕುವಲ್ಲಿರುತ್ತದೆ. ಹಿರಿಯರ ಕಣ್ಣು ನಮ್ಮ ಮೇಲಿರುತ್ತದೆ. ಒಂದು ಇರುಳನ್ನು ರೈಲಿನಲ್ಲಿ ಕಳೆಯಬೇಕಾಗಿ ಬಂದರೆ ಸಾಕು, ದಾರಿಯಲ್ಲಿ ಎಲ್ಲಿಯ ನಿಯಮ ಎಂದು ಮನಸ್ಸು ಸಡಿಲಗೊಳ್ಳುತ್ತದೆ. ವಿಚಾರಿಸಿ ನೋಡಿದರೆ ಇಂತಹ ವ್ರತಭಂಗವು ರೈಲಿನಲ್ಲಿ ಮೊದಲಾಗುವುದಿಲ್ಲ. ಗಂಟು ಕಟ್ಟುವಾಗಲೇ ಅದರ ಬೀಜ ಬಿದ್ದಿರುತ್ತದೆ. ಆದಕಾರಣ ಗಂಟು ಕಟ್ಟುವ ಬಗೆಯನ್ನೇ ಇಂದು ಚಿಂತಿಸೋಣ.

ಧರ್ಮಕ್ಕಾಗಿ ದೂರದತ್ತ ಮುಖಮಾಡುವುದು ನಮ್ಮ ಸೀಮೆಗೆ ಹೊಸದಲ್ಲ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಕ್ರಿ.ಶ. 1368ರ ಬುಕ್ಕರಾಯನ ಶಾಸನವಿದೆ. ಅದೇ ಶಾಸನ ಶ್ರವಣಬೆಳಗೊಳದಲ್ಲಿಯೂ ಉಂಟು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಒದಗಿದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳ ಭವ್ಯಜನರೊಡನೆ ಈ ಕಲ್ಲೆಹದ ಪಟ್ಟಣದವರೂ ಅರಸನಿಗೆ ಬಿನ್ನಹ ಮಾಡಿದರು. ಅರಸನು ಉಭಯರಲ್ಲಿ ಭೇದವಿಲ್ಲವೆಂದು ಸಾರಿದನು. ಆ ಕಾಲದ ದಾರಿಗರು ಬುತ್ತಿಯಲ್ಲಿ ಏನು ಕಟ್ಟಿದ್ದರೆಂಬುದನ್ನು ಶಾಸನ ಹೇಳದು. ನಮ್ಮ ಬುತ್ತಿಯ ವಿಚಾರವನ್ನು ನಾವೇ ಮಾಡಿಕೊಳ್ಳಬೇಕು.

1432ರಲ್ಲಿ ಪ್ರತಿಷ್ಠಾಪಿತನಾದ ಕಾರ್ಕಳದ ಬಾಹುಬಲಿಯನ್ನೂ ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ದರ್ಶಿಸಲೆಂದು, ಮೈಸೂರು, ಹಾಸನ, ಸಕಲೇಶಪುರಗಳ ಮಾರ್ಗವಾಗಿ ರಾತ್ರಿಯ ರೈಲಿನಲ್ಲಿ ಮಂಗಳೂರಿಗೆ ಹೊರಟಿದ್ದೇವೆಂದು ಭಾವಿಸೋಣ. ಮೊದಲು ಅಳೆಯಬೇಕಾದುದು ಸೂರ್ಯನನ್ನು. ನಮ್ಮಲ್ಲಿ ಕಾರ್ತಿಕದಲ್ಲಿ ಸಂಜೆ 6 ಗಂಟೆಗೆ ಮೊದಲೇ ಮುಳುಗುವ ಸೂರ್ಯನು ಆಷಾಢದಲ್ಲಿ 6-45ನ್ನು ದಾಟುತ್ತಾನೆ. ಅಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವುದು ಉತ್ತಮ ಕ್ರಮ. ರಾಮನಗರ, ಚನ್ನಪಟ್ಟಣಗಳಲ್ಲಿ ನಿಲ್ದಾಣವು ಊರಿನಲ್ಲಿಯೇ ಇದೆ. ಕನಕಪುರ, ಮಾಗಡಿಗಳಿಗೆ ರೈಲಿಲ್ಲ. ಅಲ್ಲಿಯವರು ಬಸ್ಸು ಹಿಡಿದು ಬರಬೇಕು, ಬಸ್ಸಿನಲ್ಲಿಯೇ ಹೊತ್ತು ಮುಳುಗೀತು. ಅವರು ಮನೆಯಲ್ಲಿಯೇ ಉಂಡು ಹೊರಡುವುದು ಲೇಸು. ಹೀಗೆ ಮಾಡಿದರೆ ರಾತ್ರಿಯ ಬುತ್ತಿಯ ಭಾರವೇ ಇಳಿಯುತ್ತದೆ.

ಬೆಳಗಿನ ಬುತ್ತಿಗೆ ನೀರಿನಂಶವುಳ್ಳ ಪದಾರ್ಥ ಬೇಡ. ಇರುಳು ಕಳೆದರೆ ಅದು ತಂಗಳು. ಹುರಿಗಡಲೆ, ಹುರಿದ ಅವಲಕ್ಕಿ, ಒಣಕೊಬ್ಬರಿ, ಬೆಲ್ಲ ಇವು ಸಾಕು. ಒಂದು ಚೊಂಬು, ಶೋಧಿಸಲು ದಪ್ಪ ಹತ್ತಿಯ ಶುಭ್ರವಸ್ತ್ರ ಇರಲಿ. ಶೋಧಿಸಿದ ನೀರಿಗೆ ಒಂದು ಮುಹೂರ್ತದ ಮಿತಿಯುಂಟು. ಕಾಯಿಸಿದ ನೀರು ಅದಕ್ಕಿಂತ ಹೆಚ್ಚು ಹೊತ್ತು ಸಲ್ಲುತ್ತದೆ. ತಮ್ಮ ಗುರುಗಳು ತಿಳಿಸಿದ ಮಿತಿಯನ್ನು ಅನುಸರಿಸುವುದು.

ಇನ್ನು ವಸ್ತ್ರ. ರಾಮನಗರವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಗೂಡಿನೊಳಗಣ ಜೀವವನ್ನು ಬಿಸಿಯಿಂದ ಕೊಂದ ಮೇಲೆಯೇ ನೂಲು ತೆಗೆಯುತ್ತಾರೆಂಬುದನ್ನು ನಾವು ಕೇಳಿ ತಿಳಿಯಬೇಕಾಗಿಲ್ಲ, ಕಣ್ಣಾರೆ ಕಂಡವರು. ಹುಳು ಸಾಕಿ ಬದುಕುವ ನೆರೆಯವರನ್ನು ಹೀಗಳೆಯುವುದು ನಮಗೆ ಸಲ್ಲದು. ಆದರೆ ನಮ್ಮ ಗಂಟಿನಲ್ಲಿ ಏನಿರಬೇಕೆಂಬುದು ನಮ್ಮ ಹೊಣೆ. ಅಹಿಂಸಾಮೂರ್ತಿಯ ಪೂಜೆಗೆ ಒಗೆದ ಹತ್ತಿಯ ಮಡಿಯೇ ಯೋಗ್ಯ. ಹೊದೆಯಲು ಒಂದು ದುಪ್ಪಟಿ, ಮಲಗುವ ಹಲಗೆಯನ್ನು ನೋಡಿ ಮೆಲ್ಲನೆ ಒರೆಸಲು ಒಂದು ಮೃದುವಾದ ಬಟ್ಟೆ ಇರಲಿ. ನೋಡದೆ, ಒರೆಸದೆ ಹಾಸುವುದು ಪ್ರೋಷಧೋಪವಾಸದ ಅತಿಚಾರಗಳಲ್ಲಿ ಒಂದು. ಮಧ್ಯದ ಹಲಗೆಯಲ್ಲಿ ಮಲಗಲು ರೈಲಿನ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಅವಕಾಶ. ಅದಕ್ಕೆ ಮೊದಲಿನ ಹೊತ್ತು ಸಾಮಾಯಿಕಕ್ಕೆ ದೊರೆತ ಹೊತ್ತೆಂದು ತಿಳಿದು ಜಪಮಾಲೆಯನ್ನು ಕೈಗೆಟುಕುವಲ್ಲಿಡಿರಿ.

ಗಂಟಿನಲ್ಲಿ ಕಣ್ಣಿಗೆ ಕಾಣದ ಒಂದು ವಸ್ತುವೂ ಇರಬೇಕು. ಅದೇ ದೇಶಾವಕಾಶಿಕ ವ್ರತ. ಈ ರಾತ್ರಿ ನನ್ನ ಮೇರೆ ಈ ಬೋಗಿ, ಇದರಾಚೆಯ ವಸ್ತು ನನಗೆ ಬೇಡ ಎಂದು ಹೊರಡುವಾಗಲೇ ಸಂಕಲ್ಪಿಸಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಪ್ರೇಷಣ, ಶಬ್ದ, ಆನಯನ, ರೂಪಾಭಿವ್ಯಕ್ತಿ, ಪುದ್ಗಲಕ್ಷೇಪ ಎಂಬ ಐದು ಅತಿಚಾರಗಳನ್ನು ಹೇಳಿದ್ದಾರೆ. ಇವು ರೈಲಿಗೆಂದೇ ಹೇಳಿದಂತಿವೆ! ಮದ್ದೂರಿನಲ್ಲಿ ವಡೆಯ ಕೂಗು ಕೇಳಿದಾಗ ತಾನು ಇಳಿಯದೆ ಪಕ್ಕದವನನ್ನು ಕಳುಹಿಸುವುದು ಪ್ರೇಷಣ. ಕೆಮ್ಮಿಯೋ ಚಪ್ಪಾಳೆ ತಟ್ಟಿಯೋ ಮಾರುವವನ ಗಮನ ಸೆಳೆಯುವುದು ಶಬ್ದ. ಹೊರಗಿನದನ್ನು ತರಿಸಿಕೊಳ್ಳುವುದು ಆನಯನ. ಕಿಟಕಿಯಲ್ಲಿ ಮುಖ ತೋರಿ ಸನ್ನೆ ಮಾಡುವುದು ರೂಪಾಭಿವ್ಯಕ್ತಿ. ನಾಣ್ಯವನ್ನೆಸೆದು ಕರೆಯುವುದು ಪುದ್ಗಲಕ್ಷೇಪ. ಇಂದು ಮೊಬೈಲಿನಲ್ಲಿ ಬೆರಳಾಡಿಸಿ ಆಸನಕ್ಕೇ ಊಟ ತರಿಸಿಕೊಳ್ಳುವವರು ಈ ಐದರಲ್ಲಿ ಎಷ್ಟನ್ನು ಮೀರಿದರೆಂದು ತಾವೇ ಎಣಿಸಲಿ.

ಈಗ ಹೇಳುವುದನ್ನು ಮನೆಯ ಕಿರಿಯರು ವಿಶೇಷವಾಗಿ ಗಮನಿಸಬೇಕು. ಸಕ್ಕರೆ ಕಾಯಿಲೆಯ ವೃದ್ಧರು, ಚತುರ್ದಶಿಯ ಉಪವಾಸದ ನೆಪದಿಂದಲೋ ರಾತ್ರಿ ನೀರು ಕುಡಿಯಬಾರದೆಂದೋ ಔಷಧದ ಕ್ರಮವನ್ನು ತಾವಾಗಿಯೇ ಬದಲಿಸುವುದುಂಟು. ಸಕ್ಕರೆ ತಗ್ಗಿಸುವ ಮಾತ್ರೆ ಇಲ್ಲವೆ ಇನ್ಸುಲಿನ್ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ಮಲಗಿದರೆ ನಿದ್ರೆಯಲ್ಲಿಯೇ ಎಚ್ಚರ ತಪ್ಪೀತು. ಘಟ್ಟದ ಸುರಂಗಗಳ ನಡುವೆ ನಡುರಾತ್ರಿ ವೈದ್ಯರೆಲ್ಲಿ? ತ್ಯಾಗ ತಪಸ್ಸುಗಳು ಶಕ್ತಿಗೆ ತಕ್ಕಂತಿರಬೇಕೆಂದು ಷೋಡಶಭಾವನೆಗಳಲ್ಲಿಯೇ ಹೇಳಿದೆ. ಹೊರಡುವ ಮುನ್ನ ವೈದ್ಯರನ್ನೂ ಗುರುಗಳನ್ನೂ ಕೇಳಿ, ಯಾವುದಕ್ಕೆ ವಿನಾಯಿತಿ ಎಂಬುದನ್ನು ಸಂಕಲ್ಪದಲ್ಲಿಯೇ ಸೇರಿಸಿಕೊಳ್ಳಬೇಕು. ಮುಂಚಿತವಾಗಿ ಇಟ್ಟುಕೊಂಡ ವಿನಾಯಿತಿಯಿಂದ ವ್ರತ ಕೆಡದು. ಮಾತ್ರೆ, ವೈದ್ಯರ ಚೀಟಿ, ಒಂದಿಷ್ಟು ಸಕ್ಕರೆ ಇವು ಪೆಟ್ಟಿಗೆಯ ತಳದಲ್ಲಿರದೆ ಅಂಗಿಯ ಜೇಬಿನಲ್ಲಿರಲಿ, ಜೊತೆಯವರಿಗೆ ತಿಳಿದಿರಲಿ. ಮಾವನವರಿಗೆ ನಿಯಮವಿದೆ ಎಂದು ಸುಮ್ಮನಿರುವ ಸೊಸೆಗಿಂತ, “ಮಾವನವರೇ, ಮಾತ್ರೆಯ ವಿಚಾರ ಗುರುಗಳಲ್ಲಿ ಕೇಳಿದಿರಾ?” ಎಂದು ವಿನಯದಿಂದ ನೆನಪಿಸುವ ಸೊಸೆಯೇ ಅವರ ವ್ರತವನ್ನು ಕಾಯುವವಳು.

ಸ್ಲೀಪರ್ ದರ್ಜೆಯಲ್ಲಿ ಒಬ್ಬರಿಗೆ 40 ಕಿಲೋ ಸಾಮಾನನ್ನು ರೈಲು ಉಚಿತವಾಗಿ ಒಯ್ಯುತ್ತದೆ. ಅದು ರೈಲಿನ ಪರಿಮಾಣ. ಪರಿಗ್ರಹ ಪರಿಮಾಣವನ್ನು ಕೈಗೊಂಡವರು ತಮ್ಮ ಕೈಯಿಂದಲೇ ಎತ್ತಲಾಗುವಷ್ಟನ್ನು ಮಾತ್ರ ಕಟ್ಟಲಿ. ಇರಲಿ ಇರಲಿ ಎಂದು ಸೇರಿಸಿದ ಪ್ರತಿ ವಸ್ತುವೂ ಕಳವಾದೀತೆಂಬ ಭಯವನ್ನು ಜೊತೆಗೆ ತಂದು ನಿದ್ರೆಯನ್ನೂ ಜಪವನ್ನೂ ಕೆಡಿಸುತ್ತದೆ. ಉಳಿದ ಎಡೆಯಲ್ಲಿ ಇನ್ನೊಂದು ಹಿಡಿ ಹುರಿಗಡಲೆಯನ್ನು ಹೆಚ್ಚಾಗಿ ಕಟ್ಟಿರಿ. ಬೆಳಗಾದ ಮೇಲೆ ಎದುರಿನ ಹಸಿದ ಮಗುವಿಗೆ ಅದು ಸಲ್ಲಲಿ.

ಹೀಗೆ ಕಟ್ಟಿದ ಗಂಟು ಹಗುರ. ಅದನ್ನು ಹೊತ್ತ ಮನಸ್ಸೂ ಹಗುರ. ತೀರ್ಥಕ್ಷೇತ್ರಕ್ಕೆ ಹೊರಡುವ ಎಲ್ಲರ ಪ್ರಯಾಣವೂ ನಿರ್ವಿಘ್ನವಾಗಲಿ, ವ್ರತವು ಅಖಂಡವಾಗಿರಲಿ.